ಜಿಂಕೆ ಬೇಕಾದಷ್ಟಿವೆ, ದೊಡ್ಡ ಕೊಂಬಿನದು ಒಂದೂ ಇಲ್ಲ, ಯಾಕೆ?

ಓದುಗರ ಪ್ರಶ್ನೆ: "ಸರ್, ನಾವು ಹಾಸನದ ಕಡೆಯವರು, ಟೆಕ್ಸಸ್‌ನ ಆಸ್ಟಿನ್‌ನಲ್ಲಿ ನೆಲೆಸಿ ಬಹಳ ವರ್ಷವಾಯಿತು. ಮೂರು ವರ್ಷದ ಹಿಂದೆ ಜಾನ್ಸನ್ ಸಿಟಿ ಹತ್ತಿರ 140 ಎಕರೆ ಜಮೀನು ತೆಗೆದುಕೊಂಡೆವು. ತೆರಿಗೆ ಕೃಷಿ ಲೆಕ್ಕದಲ್ಲೇ ಉಳಿಯಲಿ ಅಂತ ಪಕ್ಕದವರಿಗೆ ಆಡು ಮೇಯಿಸಲು ಬಿಟ್ಟಿದ್ದೇವೆ. ಮಗನಿಗೆ ಬೇಟೆಯಲ್ಲಿ ಆಸಕ್ತಿ, ಲೈಸೆನ್ಸ್ ಎಲ್ಲ ಮಾಡಿಸಿಕೊಂಡಿದ್ದಾನೆ. ಸಂಜೆ ಮೇವು ಹಾಕುವ ಫೀಡರ್ ಮುಂದೆ ಇಪ್ಪತ್ತು ಇಪ್ಪತ್ತೈದು ಬಿಳಿಬಾಲದ ಜಿಂಕೆ ಸೇರುತ್ತವೆ, ಆದರೆ ಎಲ್ಲವೂ ಸಣಕಲು. ಗಂಡುಗಳ ಕೊಂಬು ಬೆರಳುದ್ದ, ಕೆಲವಕ್ಕೆ ಕವಲೇ ಇಲ್ಲ. ಒಬ್ಬರು ತಳಿ ಕೆಟ್ಟಿದೆ, ಕವಲಿಲ್ಲದವನ್ನೆಲ್ಲ ಹೊಡೆದುಹಾಕಿ, ಫಾರಂನಿಂದ ಒಳ್ಳೆ ಗಂಡು ತಂದು ಬಿಡಿ ಅನ್ನುತ್ತಾರೆ. ಫೀಡ್ ಅಂಗಡಿಯವರು ಪ್ರೋಟೀನ್ ಹಾಕಿ ಅನ್ನುತ್ತಾರೆ. ಬುಲ್ಡೋಜರ್‌ನವನು ಸೀಡರ್ ಮರ ಪೂರ್ತಿ ತೆಗೆದುಕೊಡುತ್ತೇನೆ ಅನ್ನುತ್ತಾನೆ. ಎತ್ತರದ ಬೇಲಿ ಹಾಕಿಸಿ ಅನ್ನುವವರೂ ಇದ್ದಾರೆ. ನನ್ನ ಹೆಂಡತಿ ಮಾತ್ರ ಹೆಣ್ಣು ಜಿಂಕೆ ಮುಟ್ಟಕೂಡದು ಅಂತ ಖಡಾಖಂಡಿತ ಹೇಳಿದ್ದಾಳೆ. ಮಧ್ಯೆ ನಮ್ಮೂರ ಚುಕ್ಕೆ ಜಿಂಕೆಗಳೂ ಬರುತ್ತಿವೆ! ದುಡ್ಡು ಎಲ್ಲಿ ಹಾಕಲಿ? ಊರಿನ ಕಾಫಿ ತೋಟದಲ್ಲೂ ಹೀಗೇನಾದರೂ ಮಾಡಬಹುದಾ?"

ಉತ್ತರ:

ನೀವು ಐದಾರು ಪ್ರಶ್ನೆ ಕೇಳಿದ್ದೀರಿ, ಆದರೆ ಚಿಂತೆ ಒಂದೇ. ಜಿಂಕೆ ಬೇಕಾದಷ್ಟಿವೆ, ಹೇಳಿಕೊಳ್ಳುವಂಥದ್ದು ಒಂದೂ ಇಲ್ಲ. ಉತ್ತರವೂ ನಿಮ್ಮ ಪತ್ರದಲ್ಲೇ ಇದೆ. ಬೇಕಾದಷ್ಟಿವೆ, ಅದಕ್ಕೇ ದೊಡ್ಡದು ಇಲ್ಲ. ಮೇಲೆ ಆಡು ಬೇರೆ. ನಿಮಗೆ ಸಿಕ್ಕ ಸಲಹೆಗಳಲ್ಲಿ ಹೆಚ್ಚಿನವು ಯಾರಿಗೋ ಏನನ್ನೋ ಮಾರುವ ಅವಕಾಶ ಕೊಡುತ್ತವೆ ಅನ್ನುವುದನ್ನೂ ಗಮನಿಸಿ. ಜಿಂಕೆ ಕಡಿಮೆ ಮಾಡಿ, ಆಡು ಹೊರಗೆ ಕಳಿಸಿ, ನಾಲ್ಕು ವರ್ಷ ಕಾಯಿರಿ ಅಂತ ಹೇಳುವುದರಿಂದ ಯಾರಿಗೂ ಕಮಿಷನ್ ಸಿಗುವುದಿಲ್ಲ, ಹಾಗಾಗಿ ಅದನ್ನು ಯಾರೂ ಹೇಳಿಲ್ಲ ಅಷ್ಟೇ.

ಮೊದಲು ಕೊಂಬಿನ ವಿಷಯ ಸ್ವಲ್ಪ ತಿಳಿದುಕೊಳ್ಳೋಣ. ಹಸುವಿನ ಕೊಂಬು ಒಮ್ಮೆ ಬಂದರೆ ಬಂತು. ಜಿಂಕೆಯದು ಹಾಗಲ್ಲ, ಪ್ರತಿ ವರ್ಷ ಉದುರಿ ಹೊಸದಾಗಿ ಬರುತ್ತದೆ, ಅದೂ ಅಪ್ಪಟ ಮೂಳೆ. ಮಾರ್ಚ್ ಕೊನೆ ಏಪ್ರಿಲ್ ಹೊತ್ತಿಗೆ ಚಿಗುರಲು ಶುರುವಾಗಿ ಆಗಸ್ಟ್‌ಗೆ ಬೆಳವಣಿಗೆ ಮುಗಿಯುತ್ತದೆ, ಸೆಪ್ಟೆಂಬರ್‌ನಲ್ಲಿ ಮೇಲಿನ ಮಖಮಲ್ಲಿನಂಥ ಚರ್ಮ ಉಜ್ಜಿ ಕಳಚಿಹಾಕುತ್ತದೆ. ಆ ನಾಲ್ಕೈದು ತಿಂಗಳಲ್ಲಿ ಅಷ್ಟು ಮೂಳೆ ಕಟ್ಟಲು ಸುಣ್ಣ ರಂಜಕ ಸಾಲದೆ ಜಿಂಕೆ ತನ್ನ ಪಕ್ಕೆಲುಬಿನಿಂದಲೇ ಕಿತ್ತುಕೊಂಡು ಮೇಲಕ್ಕೆ ಕಳಿಸುತ್ತದೆ, ಆಮೇಲೆ ತಿಂದು ವಾಪಸ್ ತುಂಬಿಕೊಳ್ಳುತ್ತದೆ. ಅಂದರೆ ದೇಹಕ್ಕೆ ಬೇಕಾದ್ದು ಮೊದಲು, ಕೊಂಬು ಆಮೇಲೆ. ಸಂಬಳದಲ್ಲಿ ಅಕ್ಕಿಬೇಳೆ, ಬಾಡಿಗೆ, ಸ್ಕೂಲ್ ಫೀಸು ಎಲ್ಲ ಕಳೆದು ಉಳಿದದ್ದರಲ್ಲಿ ಒಡವೆ ಮಾಡಿಸಿದ ಹಾಗೆ.

ಇಲ್ಲಿಂದಲೇ ವಯಸ್ಸಿನ ಲೆಕ್ಕ ಬರುತ್ತದೆ. ಗಂಡು ಜಿಂಕೆಯ ಎಲುಬುಗೂಡು ಪೂರ್ತಿ ಬೆಳೆಯುವುದಕ್ಕೇ ಮೂರೂವರೆ ನಾಲ್ಕು ವರ್ಷ ಬೇಕು. ಒಂದೂವರೆ ವರ್ಷದ ಮರಿಗಂಡಿನ ಕೊಂಬು ಅದು ಮುಂದೆ ಹೊರಬಲ್ಲ ಕೊಂಬಿನ ಮೂರನೇ ಒಂದು ಭಾಗವೂ ಇರುವುದಿಲ್ಲ ಅಂತ ಇಟ್ಟುಕೊಳ್ಳಿ. ಎರಡೂವರೆಗೆ ಅರ್ಧ ದಾಟುತ್ತದೆ, ಮೂರೂವರೆಗೆ ಮುಕ್ಕಾಲಿನ ಸುತ್ತಮುತ್ತ, ಐದೂವರೆಯಿಂದ ಏಳೂವರೆವರೆಗೆ ಅದರ ಸುವರ್ಣಕಾಲ. ನಿಮ್ಮ ಫೀಡರ್ ಮುಂದೆ ನಿಲ್ಲುವ ಬೆರಳುದ್ದದ ಕೊಂಬಿನವು ಬಹುಪಾಲು ಒಂದೂವರೆ ವರ್ಷದ ಹುಡುಗರು. ಅವನ್ನು ನೋಡಿ ತಳಿ ಕೆಟ್ಟಿದೆ ಅಂತ ಹೇಗೆ ಹೇಳುತ್ತೀರಿ?

ಕವಲಿಲ್ಲದ ಕೊಂಬಿನ ಗಂಡಿಗೆ ಇಲ್ಲಿ ಸ್ಪೈಕ್ ಅನ್ನುತ್ತಾರೆ. ಸ್ಪೈಕ್ ಕಂಡರೆ ಹೊಡಿ ಅನ್ನುವ ಮಾತು ಸುಮ್ನೆ ಹುಟ್ಟಿದ್ದಲ್ಲ. ನಿಮಗೆ ದೂರವೇನಲ್ಲದ ಕೆರ್ ವೈಲ್ಡ್‌ಲೈಫ್ ಮ್ಯಾನೇಜ್‌ಮೆಂಟ್ ಏರಿಯಾ ಅನ್ನುವ ರಾಜ್ಯ ಸರ್ಕಾರದ ವನ್ಯಜೀವಿ ಸಂಶೋಧನಾ ಜಾಗದಲ್ಲಿ 1970ರ ದಶಕದಿಂದ ಬೇಲಿಯೊಳಗೆ ಜಿಂಕೆ ಸಾಕಿ ಮಾಡಿದ ಪ್ರಯೋಗಗಳಲ್ಲಿ, ಮೊದಲ ವರ್ಷ ಸ್ಪೈಕ್ ಆಗಿದ್ದವು ಮುಂದೆಯೂ ಸರಾಸರಿಯಲ್ಲಿ ಸಣ್ಣ ಕೊಂಬೇ ಹೊತ್ತವು. ಅದು ನಿಜ. ಆದರೆ ಅದು ಎಲ್ಲಕ್ಕೂ ಒಂದೇ ಮೇವು ಸಿಗುವ, ಯಾವ ಗಂಡು ಯಾವ ಹೆಣ್ಣನ್ನು ಕೂಡಬೇಕು ಅಂತ ಮನುಷ್ಯರೇ ನಿರ್ಧರಿಸುವ ಜಾಗ. ಬಯಲಲ್ಲಿ ಲೆಕ್ಕ ಬೇರೆ. ತಡವಾಗಿ ಹುಟ್ಟಿದ ಮರಿ, ಮಳೆಯಿಲ್ಲದ ವಸಂತ, ಹಾಲು ಸಾಲದ ತಾಯಿ, ಇದರಲ್ಲಿ ಯಾವುದೊಂದಿದ್ದರೂ ಒಳ್ಳೆ ತಳಿಯ ಗಂಡೂ ಮೊದಲ ವರ್ಷ ಸ್ಪೈಕ್ ಆಗಬಹುದು. ಜೊತೆಗೆ ಮರಿಗೆ ಅರ್ಧ ಗುಣ ಬರುವುದು ತಾಯಿಯಿಂದ, ತಾಯಿಗೆ ಕೊಂಬೇ ಇಲ್ಲ, ಅವಳ ತಳಿ ನೀವು ಹೇಗೆ ಅಳೆಯುತ್ತೀರಿ? ಡಿಎನ್‌ಎ ಪರೀಕ್ಷೆಗಳು ಬಂದ ಮೇಲೆ ಇನ್ನೊಂದು ವಿಷಯ ಗೊತ್ತಾಯಿತು. ದೊಡ್ಡ ಕೊಂಬಿನ ಒಂದೇ ಗಂಡು ಎಲ್ಲ ಹೆಣ್ಣುಗಳಿಗೂ ಮರಿ ಕೊಡುತ್ತದೆ ಅನ್ನುವುದು ನಾವು ಅಂದುಕೊಂಡಿದ್ದು ಮಾತ್ರ. ಬಹಳಷ್ಟು ಗಂಡುಗಳು ಒಂದೆರಡು ಮರಿಗೆ ಅಪ್ಪನಾಗುತ್ತವೆ, ಎಳೆಯವೂ ಅದರಲ್ಲಿ ಸೇರಿವೆ. ದಕ್ಷಿಣ ಟೆಕ್ಸಸ್‌ನ ಕೊಮಾಂಚೆ ರಾಂಚ್‌ನಲ್ಲಿ ವರ್ಷಗಟ್ಟಲೆ ಸಣ್ಣ ಕೊಂಬಿನವನ್ನು ಹುಡುಕಿ ಹುಡುಕಿ ತೆಗೆದು ನೋಡಿದರು. ಮುಂದಿನ ಮರಿಗಳ ಕೊಂಬು ಸುಧಾರಿಸಲಿಲ್ಲ. ಜೋರಾಗಿ ತೆಗೆದ ಕಡೆ ಎಳೆ ಗಂಡುಗಳೇ ಖಾಲಿಯಾಗಿ, ಬಲಿತ ಗಂಡು ಸಿಗುವುದೇ ಕಷ್ಟವಾಯಿತು. ಅಷ್ಟು ದೊಡ್ಡ ರಾಂಚ್‌ನಲ್ಲಿ, ಹೆಲಿಕಾಪ್ಟರ್ ಇಟ್ಟುಕೊಂಡವರಿಂದ ಆಗದ್ದು 140 ಎಕರೆಯಲ್ಲಿ ಆಗುತ್ತದಾ? ಸ್ಪೈಕ್‌ಗಳ ತಂಟೆಗೆ ಹೋಗಬೇಡಿ, ಬೆಳೆಯಲು ಬಿಡಿ.

ಹಾಗಾದರೆ ಸಣಕಲು ಯಾಕೆ? ಇದಕ್ಕೆ ನನಗೆ ಬಹಳ ಇಷ್ಟವಾದ ಪ್ರಯೋಗ ಮಿಸಿಸಿಪಿ ಸ್ಟೇಟ್ ಯೂನಿವರ್ಸಿಟಿಯದು. ಆ ರಾಜ್ಯದಲ್ಲಿ ನದಿ ಬಯಲಿನ ಕಪ್ಪು ಮಣ್ಣಿನ ಜಿಂಕೆ ದಪ್ಪ, ದಕ್ಷಿಣದ ಬಡ ಮಣ್ಣಿನದು ಸಣ್ಣ. ತಳಿಯೇ ಬೇರೆ ಅಂತ ಎಲ್ಲರ ನಂಬಿಕೆ. ಅವರು ಬೇರೆ ಬೇರೆ ಮಣ್ಣಿನ ಜಿಂಕೆಗಳನ್ನು ತಂದು ಎಲ್ಲಕ್ಕೂ 20 ಶೇಕಡ ಪ್ರೋಟೀನ್ ಇರುವ ಒಂದೇ ಮೇವು ಕೊಟ್ಟು ಸಾಕಿದರು. ಮೊದಲ ತಲೆಮಾರಿನ ಮರಿಗಳು ಅಪ್ಪ ಅಮ್ಮನ ಹಾಗೇ ಸಣ್ಣದಾಗೇ ಉಳಿದವು. ಎರಡನೇ ತಲೆಮಾರಿಗೆ ಬಡ ಮಣ್ಣಿನವೂ ಹೆಚ್ಚುಕಡಿಮೆ ಸರಿಸಮ ಬೆಳೆದುನಿಂತವು. ತಳಿ ಹಾಗೇ ಇತ್ತು, ಹೊಟ್ಟೆ ತುಂಬಿತು ಅಷ್ಟೇ. ಇದರಲ್ಲಿ ನಿಮಗೆ ಎರಡು ಪಾಠ ಇವೆ. ಸಣಕಲು ಜಿಂಕೆ ಅಂದರೆ ಹಸಿದ ನೆಲ. ಮತ್ತೆ, ತಾಯಿಯ ಹಸಿವು ಮರಿಗೂ ದಾಟುತ್ತದೆ, ಆದ್ದರಿಂದ ಫಲ ತಕ್ಷಣ ಕಾಣುವುದಿಲ್ಲ.

ನಿಮ್ಮ ನೆಲ ಹಸಿದಿದೆಯಾ ಅಂತ ನೋಡಲು ನನ್ನಂಥವರನ್ನು ಕರೆಸಬೇಕಾಗಿಲ್ಲ. ಒಂದು ಬೆಳಿಗ್ಗೆ ಕ್ಯಾಮೆರಾ, ಬಂದೂಕು ಎಲ್ಲ ಬಿಟ್ಟು ಸುಮ್ನೆ ನಡೆಯಿರಿ. ಓಕ್ ಮರಗಳ ಕೆಳಗಿನ ಎಲೆ ಎಲ್ಲಿಂದ ಶುರುವಾಗುತ್ತದೆ ನೋಡಿ. ಎದೆಯೆತ್ತರಕ್ಕೆ ಕತ್ತರಿ ಹಿಡಿದು ಸಮ ಮಾಡಿದ ಹಾಗಿದ್ದು ಅದರ ಕೆಳಗೆ ಖಾಲಿ ಖಾಲಿ ಕಂಡರೆ, ಅದು ಜಿಂಕೆ ಮತ್ತು ಆಡು ಬರೆದ ಗೆರೆ. ಆಮೇಲೆ ಬಗ್ಗಿ ಎಲ್ಬೋಬುಷ್, ಕಿಡ್ನಿವುಡ್, ಗ್ರೀನ್‌ಬ್ರಯರ್ ಬಳ್ಳಿ ಹುಡುಕಿ. ಜಿಂಕೆಗೆ ಇವು ಅಂದರೆ ಪ್ರಾಣ. ಸಿಕ್ಕಿದರೆ ಕಡ್ಡಿಯ ತುದಿ ನೋಡಿ. ಜಿಂಕೆಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲಿಲ್ಲ, ಕಚ್ಚಿ ಎಳೆದು ಹರಿಯುತ್ತದೆ, ಹಾಗಾಗಿ ತುದಿ ನಾರು ನಾರಾಗಿರುತ್ತದೆ. ಮೊಲ ತಿಂದಿದ್ದರೆ ಚಾಕುವಿನಲ್ಲಿ ಓರೆಯಾಗಿ ಕೊಯ್ದ ಹಾಗೆ ನುಣ್ಣಗಿರುತ್ತದೆ. ಪ್ರತಿ ಕಡ್ಡಿಯೂ ಹರಿದು, ಗಿಡ ಮೊಣಕಾಲೆತ್ತರದಲ್ಲಿ ಗಂಟು ಗಂಟಾಗಿ ಪೊದೆ ಕಟ್ಟಿದ್ದರೆ ಮೇವು ಮುಗಿದಿದೆ ಅಂತ ಅರ್ಥ. ಹುಲ್ಲು ಹಸಿರಾಗಿದೆಯಲ್ಲ ಅಂತ ಸಮಾಧಾನ ಪಡಬೇಡಿ. ಬಿಳಿಬಾಲದ ಜಿಂಕೆಯ ಹೊಟ್ಟೆ ಸಣ್ಣದು, ಬಲಿತ ಹುಲ್ಲು ಅದಕ್ಕೆ ಅರಗುವುದಿಲ್ಲ. ಅದು ಬದುಕುವುದು ಅಗಲ ಎಲೆಯ ಕಳೆ ಸೊಪ್ಪು, ಪೊದೆಯ ಚಿಗುರು, ಓಕ್ ಕಾಯಿ, ಇಂಥದ್ದರ ಮೇಲೆ.

ಇನ್ನೊಂದು ಕೆಲಸ ಇವತ್ತೇ ಮಾಡಿ. ಐದಡಿ ಎತ್ತರದ ತಂತಿ ಜಾಲರಿ ತಂದು, ನಾಲ್ಕೈದು ಅಡಿ ಅಗಲದ ಉಂಗುರ ಮಾಡಿ, ಒಂದೆರಡು ಕಡೆ ನೆಲಕ್ಕೆ ಗೂಟ ಹೊಡೆದು ನಿಲ್ಲಿಸಿ. ಒಳಗೆ ಏನೂ ನೆಡಬೇಡಿ. ಒಂದು ವಸಂತ ಕಳೆಯಲಿ. ಒಳಗೂ ಹೊರಗೂ ಒಂದೇ ಥರ ಇದ್ದರೆ ನಾನು ಹೇಳುತ್ತಿರುವುದು ನಿಮಗೆ ಅನ್ವಯಿಸುವುದಿಲ್ಲ. ಒಳಗೆ ಸೊಪ್ಪು ತುಂಬಿ, ಹೊರಗೆ ಕಲ್ಲು ಹುಲ್ಲು ಮಾತ್ರ ಇದ್ದರೆ ನಿಮ್ಮ ಮನೆಯವರಿಗೂ ಅದನ್ನು ತೋರಿಸಿ. ನನ್ನ ಅನುಭವದಲ್ಲಿ ಈ ತಂತಿಯುಂಗುರ ಮಾಡಿದಷ್ಟು ಮನ ಒಲಿಸುವ ಕೆಲಸ ಯಾವ ವರದಿಯೂ ಮಾಡಿಲ್ಲ.

ಹಿಲ್ ಕಂಟ್ರಿ, ಅಂದರೆ ನಿಮ್ಮ ಕಡೆಯ ಈ ಗುಡ್ಡಗಾಡು, ಹೀಗಾಗಿದ್ದಕ್ಕೆ ಕಾರಣ ಹಳೆಯದು. ಒಂದು ಶತಮಾನಕ್ಕೂ ಮೇಲೆ ಇಲ್ಲಿ ದನ, ಕುರಿ, ಉಣ್ಣೆಯ ಅಂಗೋರಾ ಆಡು ಮಿತಿಮೀರಿ ಮೇಯಿಸಿದರು. ಆಗಾಗ ಬಂದುಹೋಗುತ್ತಿದ್ದ ಬೆಂಕಿಯನ್ನು ನಿಲ್ಲಿಸಿದರು. ತೋಳಗಳು ಮುಗಿದವು. ಸ್ಕ್ರೂವರ್ಮ್ ಅನ್ನುವ ನೊಣದ ಹುಳು ಹುಟ್ಟಿದ ಮರಿಗಳ ಹೊಕ್ಕುಳಲ್ಲಿ ಸೇರಿ ಬಹಳ ಮರಿಗಳನ್ನು ಕೊಲ್ಲುತ್ತಿತ್ತು. 1960ರ ದಶಕದಿಂದ ಅದನ್ನು ಹತೋಟಿಗೆ ತಂದ ಮೇಲೆ ಜಿಂಕೆ ಏರುತ್ತಲೇ ಹೋದವು. ಈಗ ಕೆಲವು ಕಡೆ ಐದಾರು ಎಕರೆಗೊಂದು ಜಿಂಕೆ ಇದೆ. ನೆಲ ಚೇತರಿಸಿಕೊಳ್ಳಬೇಕಾದರೆ ಹತ್ತರಿಂದ ಹದಿನೈದು ಎಕರೆಗೊಂದು ಇರಬೇಕು. ಆ ಲೆಕ್ಕಕ್ಕೆ ನಿಮ್ಮ ಜಮೀನಿಗೆ ಒಂದು ಡಜನ್ ಆಸುಪಾಸು ಸಾಕು. ಫೀಡರ್ ಮುಂದೆ ಕಾಣುವ ಇಪ್ಪತ್ತೈದರಲ್ಲಿ ಪಕ್ಕದವರ ಜಮೀನಿನವೂ ಇರುತ್ತವೆ ಅನ್ನಿ, ಆದರೂ ಜಾಸ್ತಿಯೇ.

ಆದ್ದರಿಂದ ಮೊದಲ ಕೆಲಸ, ಆಡು ಹೊರಗೆ. ಆಡು ತಿನ್ನುವುದೂ ಜಿಂಕೆ ತಿನ್ನುವುದೂ ಒಂದೇ ಸೊಪ್ಪು. ತೆರಿಗೆ ಏನಾಗುತ್ತದೆ ಅಂತ ಹೆದರಬೇಡಿ. ಟೆಕ್ಸಸ್‌ನಲ್ಲಿ 1995ರಲ್ಲಿ ಜನಮತ ತೆಗೆದುಕೊಂಡು ಸಂವಿಧಾನಕ್ಕೇ ತಿದ್ದುಪಡಿ ಮಾಡಿ, ವನ್ಯಜೀವಿ ನಿರ್ವಹಣೆಯನ್ನೂ ಕೃಷಿಯ ಹಾಗೆ ಲೆಕ್ಕ ಹಿಡಿಯಲು ಅವಕಾಶ ಮಾಡಿದ್ದಾರೆ. ಈಗಾಗಲೇ ಕೃಷಿ ಲೆಕ್ಕದಲ್ಲಿರುವ ಜಮೀನನ್ನು ಅದಕ್ಕೆ ಬದಲಾಯಿಸಿಕೊಳ್ಳಬಹುದು, ನಿಮ್ಮದು ಹಾಗೇ ಇದೆ. ಏಳು ಬಗೆಯ ಕೆಲಸ ಗೊತ್ತುಮಾಡಿದ್ದಾರೆ: ಆವಾಸ ಸುಧಾರಣೆ, ಮಣ್ಣು ಸವೆತ ತಡೆ, ಬೇರೆ ಪ್ರಾಣಿಗಳನ್ನು ಕೊಂದು ತಿನ್ನುವ ಪ್ರಾಣಿಗಳ ಹತೋಟಿ, ನೀರು, ಮೇವು, ಆಸರೆ, ಗಣತಿ. ಇದರಲ್ಲಿ ಕನಿಷ್ಠ ಮೂರು ಪ್ರತಿ ವರ್ಷ ಮಾಡಿ ದಾಖಲೆ ಇಡಬೇಕು. ಏಪ್ರಿಲ್ ಮುಗಿಯುವುದರೊಳಗೆ ಕೌಂಟಿಯ ಅಪ್ರೈಸಲ್ ಡಿಸ್ಟ್ರಿಕ್ಟ್‌ಗೆ, ಅಂದರೆ ತೆರಿಗೆಗೆ ಆಸ್ತಿ ಮೌಲ್ಯ ಕಟ್ಟುವ ಕಚೇರಿಗೆ, ಯೋಜನೆ ಸಮೇತ ಅರ್ಜಿ ಕೊಡಿ. ಅದು ಮಂಜೂರಾಗುವ ತನಕ ಆಡನ್ನು ಕಳಿಸಬೇಡಿ, ಮಧ್ಯೆ ಖಾಲಿ ಬಿಟ್ಟರೆ ಹಳೆಯ ರಿಯಾಯಿತಿಗೂ ಕುತ್ತು ಬರಬಹುದು. ಟೆಕ್ಸಸ್ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆಯ ಜೀವಶಾಸ್ತ್ರಜ್ಞರು ಜಮೀನಿಗೆ ಬಂದು ನೋಡಿ ಬಿಟ್ಟಿಯಾಗಿ ಸಲಹೆ ಕೊಡುತ್ತಾರೆ. ಬಹಳ ಜನಕ್ಕೆ ಇದು ಗೊತ್ತಿಲ್ಲ. ಮೊದಲು ಅವರನ್ನು ಕರೆಸಿ, ಆಮೇಲೆ ನನ್ನಂಥ ದುಡ್ಡು ತೆಗೆದುಕೊಳ್ಳುವವರನ್ನು.

ಇನ್ನು ನಿಮ್ಮ ಶ್ರೀಮತಿಯವರ ಮಾತು. ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ, ನಮ್ಮಲ್ಲಿ ಬಹಳ ಮನೆಗಳಲ್ಲಿ ಇದೇ ಮಾತು ಬರುತ್ತದೆ. ಆದರೆ ಗಂಡು ಮಾತ್ರ ಹೊಡೆದು ಹೆಣ್ಣು ಬಿಟ್ಟರೆ ಏನಾಗುತ್ತದೆ? ಬಲಿಯಬೇಕಾದ ಗಂಡು ಉಳಿಯುವುದಿಲ್ಲ. ಹೆಣ್ಣುಗಳು ವರ್ಷಕ್ಕೊಂದೆರಡು ಮರಿ ಹಾಕುತ್ತಾ ಹೋಗುತ್ತವೆ. ಮೇವು ಮುಗಿಯುತ್ತದೆ. ಆಮೇಲೆ ಒಂದು ಬರಗಾಲದ ಬೇಸಿಗೆ, ಹಾಲೂಡಿಸುವ ತಾಯಂದಿರಿಗೆ ಸೊಪ್ಪೇ ಇಲ್ಲದ ಆಗಸ್ಟ್ ಬಂತು ಅಂದರೆ ಮರಿಗಳು ಸದ್ದಿಲ್ಲದೆ ಸಾಯುತ್ತವೆ, ಯಾರೂ ಲೆಕ್ಕ ಇಡುವುದಿಲ್ಲ. ಇದು ಒಂದು ದಾರಿ. ಇನ್ನೊಂದು, ಬೇಸಿಗೆಯ ಕೊನೆಗೆ ಕ್ಯಾಮೆರಾ ಇಟ್ಟು ಎಣಿಕೆ ಮಾಡಿ, ಜೀವಶಾಸ್ತ್ರಜ್ಞರು ಹೇಳಿದಷ್ಟು ಹೆಣ್ಣುಗಳನ್ನು ನವೆಂಬರ್‌ನಲ್ಲಿ ಸೀಸನ್ ಶುರುವಾದ ಕೂಡಲೇ ತೆಗೆಯುವುದು. ಬೇಗ ತೆಗೆದರೆ ಚಳಿಗಾಲದ ಮೇವು ಉಳಿದವಕ್ಕೆ ಉಳಿಯುತ್ತದೆ. ನಿಮ್ಮ ಕೌಂಟಿಯ ಮಿತಿ ಎಷ್ಟು ಅಂತ ಆ ವರ್ಷದ ನಿಯಮ ನೋಡಿಕೊಳ್ಳಿ. ಮನೆಯಲ್ಲಿ ಮಾಂಸ ತಿನ್ನದಿದ್ದರೆ ಹಂಟರ್ಸ್ ಫಾರ್ ದಿ ಹಂಗ್ರಿ ಮೂಲಕ ಹಸಿದವರಿಗೆ ತಲುಪಿಸುವ ವ್ಯವಸ್ಥೆ ಇದೆ. ಮೂರನೇ ದಾರಿಯೂ ಇದೆ: ಯಾವುದನ್ನೂ ಹೊಡೆಯದೆ, ಆಡು ತೆಗೆದು, ಗಿಡಗಳನ್ನು ಕಾಪಾಡಿಕೊಂಡು ಜಿಂಕೆ ನೋಡುತ್ತಾ ಇರುವುದು. ಅದೂ ಒಂದು ಬದುಕು, ತಪ್ಪೇನಿಲ್ಲ. ಆದರೆ ಆಗ ದೊಡ್ಡ ಕೊಂಬಿನ ಆಸೆ ಬಿಡಬೇಕು. ಎರಡೂ ಬೇಕು ಅಂದರೆ ಆಗುವುದಿಲ್ಲ ಅಂತ ನಾನು ನೇರವಾಗಿಯೇ ಹೇಳುತ್ತೇನೆ.

ಸೀಡರ್ ವಿಷಯದಲ್ಲಿ ಬುಲ್ಡೋಜರ್‌ನವನನ್ನು ಸದ್ಯಕ್ಕೆ ವಾಪಸ್ ಕಳಿಸಿ. ಇಲ್ಲಿ ಎಲ್ಲರೂ ಸೀಡರ್ ಅನ್ನುವುದು ಆಶ್ ಜೂನಿಪರ್ ಮರಕ್ಕೆ. ಅದು ದಟ್ಟವಾಗಿ ಮುಚ್ಚಿಕೊಂಡರೆ ಕೆಳಗೆ ಏನೂ ಬೆಳೆಯುವುದಿಲ್ಲ ಅನ್ನುವುದು ಸರಿ. ಆದರೆ ಪೂರ್ತಿ ತೆಗೆದರೆ ಬಲಿತ ಗಂಡು ಹಗಲು ಹೊತ್ತು ನಿಲ್ಲುವುದಕ್ಕೇ ಜಾಗ ಇರುವುದಿಲ್ಲ, ಮುದಿ ಗಂಡು ಬಯಲಿಗೆ ಬರುವ ಪ್ರಾಣಿಯಲ್ಲ. ಇಳಿಜಾರಿನಲ್ಲಿ ತೆಗೆದರೆ ಇರುವ ಎರಡಿಂಚು ಮಣ್ಣೂ ಹೊಳೆಗೆ ಹೋಗುತ್ತದೆ. ಇನ್ನೊಂದು ದೊಡ್ಡ ವಿಷಯ, ಗೋಲ್ಡನ್ ಚೀಕ್ಡ್ ವಾರ್ಬ್ಲರ್ ಅನ್ನುವ ಪುಟ್ಟ ಹಕ್ಕಿ. ಅದು ಪ್ರಪಂಚದಲ್ಲಿ ಗೂಡು ಕಟ್ಟುವುದು ಟೆಕ್ಸಸ್‌ನಲ್ಲಿ ಮಾತ್ರ, ಅದೂ ಹಳೆಯ ಸೀಡರ್ ಮರದ ಸುಲಿದುಬರುವ ತೊಗಟೆಯ ಎಳೆಗಳಿಂದ. 1990ರಿಂದ ಅದು ಅಳಿವಿನಂಚಿನ ಪಟ್ಟಿಯಲ್ಲಿದೆ. ಓಕ್ ಜೊತೆ ಬೆರೆತ ಹಳೆಯ ಸೀಡರ್ ಕಾಡು ನಿಮ್ಮಲ್ಲಿದ್ದರೆ ಕೇಳದೆ ಕಡಿಯಬೇಡಿ, ಕಾನೂನಿನ ತೊಂದರೆ ಬರುತ್ತದೆ. ತೆಗೆಯಬೇಕಾದ್ದು ಸಮತಟ್ಟಿನಲ್ಲಿ ಹೊಸದಾಗಿ ಹಬ್ಬಿರುವ ಎಳೆಯ ಸೀಡರ್. ಅದನ್ನೂ ತುಂಡು ತುಂಡಾಗಿ, ಮಧ್ಯೆ ಮಧ್ಯೆ ಪಟ್ಟೆ ಬಿಟ್ಟು. ಆಶ್ ಜೂನಿಪರ್‌ನ ಒಳ್ಳೆಯ ಗುಣ ಏನೆಂದರೆ ಕೊನೆಯ ಹಸಿರು ಕೊಂಬೆಯ ಕೆಳಗೆ, ನೆಲಮಟ್ಟಕ್ಕೆ ಗರಗಸ ಹಾಕಿದರೆ ಮತ್ತೆ ಚಿಗುರುವುದಿಲ್ಲ, ವಿಷ ಹಚ್ಚುವ ಗೋಜಿಲ್ಲ. ಕಡಿದ ಮುಳ್ಳು ಮುಳ್ಳು ಕೊಂಬೆಯನ್ನು ಸುಡಬೇಡಿ. ಎಲ್ಲಿ ಓಕ್ ಸಸಿ ಕಾಣುತ್ತದೋ ಅಲ್ಲಿ ಸಡಿಲವಾಗಿ ಮೇಲೆ ಹರಡಿ. ಜಿಂಕೆ ಬಾಯಿ ಒಳಗೆ ಹೋಗುವುದಿಲ್ಲ, ಸಸಿ ಅದರೊಳಗಿಂದ ಮೇಲೆದ್ದು ಬರುತ್ತದೆ. ಆದರೆ ಓಕ್ ಮರಕ್ಕೆ ಮಾತ್ರ ಫೆಬ್ರವರಿಯಿಂದ ಜೂನ್‌ವರೆಗೆ ಗಾಯ ಮಾಡಬೇಡಿ. ಓಕ್ ವಿಲ್ಟ್ ಅನ್ನುವ ರೋಗವನ್ನು ಆಗ ಜೀರುಂಡೆಗಳು ಹರಡುತ್ತವೆ. ಯಾವ ತಿಂಗಳಾದರೂ ಕಡಿದ ಕೂಡಲೇ ಗಾಯಕ್ಕೆ ಪೇಂಟ್ ಬಳಿಯಿರಿ, ಯಾವ ಪೇಂಟ್ ಆದರೂ ಸರಿ.

ಫೀಡರ್‌ಗೆ ಬರೋಣ. ಜೋಳದಲ್ಲಿ, ಅಂದರೆ ಮುಸುಕಿನ ಜೋಳದಲ್ಲಿ, ಪ್ರೋಟೀನ್ ಏಳರಿಂದ ಒಂಬತ್ತು ಶೇಕಡ. ಕೆರ್‌ನಲ್ಲೇ 8 ಶೇಕಡ ಮತ್ತು 16 ಶೇಕಡ ಪ್ರೋಟೀನ್ ಮೇವು ಹಾಕಿ ಹೋಲಿಸಿದಾಗ ಕೊಂಬಿನಲ್ಲಿ ಭಾರಿ ವ್ಯತ್ಯಾಸ ಬಂತು. ಜೋಳ ಎಂಟರ ಕಡೆಯದು. ಜಿಂಕೆಯನ್ನು ಕರೆಯಲು ಸರಿ, ಬೆಳೆಸಲು ಅಲ್ಲ. ಬೂಸ್ಟು ಹಿಡಿದ ಜೋಳದಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು, ಅದು ಟರ್ಕಿ, ಕ್ವೇಲ್ ಹಕ್ಕಿಗಳಿಗೆ ಇನ್ನೂ ಅಪಾಯ. ಚೀಲದ ಮೇಲೆ ಅದು 20 ಪಿಪಿಬಿ (ನೂರು ಕೋಟಿ ಭಾಗಕ್ಕೆ 20 ಭಾಗ) ಮೀರಿಲ್ಲ ಅಂತ ಬರೆದಿದೆಯಾ ನೋಡಿ ತನ್ನಿ. ಪ್ರೋಟೀನ್ ಪೆಲೆಟ್, ಅಂದರೆ ಗುಳಿಗೆ ಮೇವು, ನಿಜವಾಗಿ ಕೆಲಸ ಮಾಡುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ಬೇಕಾಗುವುದು ಕೊಂಬು ಬೆಳೆಯುವ, ಮರಿಗೆ ಹಾಲೂಡಿಸುವ ತಿಂಗಳುಗಳಲ್ಲಿ. ಬೇಟೆ ಸೀಸನ್‌ನಲ್ಲಿ ಮಾತ್ರ ಸುರಿದರೆ ಕೊಂಬಿಗೆ ಏನೂ ಸಿಗುವುದಿಲ್ಲ. ವರ್ಷ ವರ್ಷ ಹಾಕುತ್ತಲೇ ಇರಬೇಕು. ಅರ್ಧಕ್ಕರ್ಧ ಕಾಡುಹಂದಿ, ರಕೂನ್ ಪಾಲು. ಮುಖ್ಯವಾಗಿ, ಜಿಂಕೆ ಕಡಿಮೆ ಮಾಡದೆ ಪೆಲೆಟ್ ಹಾಕಿದರೆ ಇನ್ನಷ್ಟು ಮರಿ ಬದುಕಿ, ಅವೆಲ್ಲ ಪೆಲೆಟ್ ಜೊತೆಗೆ ಸೊಪ್ಪನ್ನೂ ಮುಗಿಸುತ್ತವೆ. ಉಪ್ಪಿನ ಮಿನರಲ್ ಇಟ್ಟಿಗೆಯನ್ನು ನೆಕ್ಕುತ್ತವೆ ನಿಜ. ಅದರಿಂದ ಕೊಂಬು ಬೆಳೆಯುತ್ತದೆ ಅಂತ ಖರ್ಚು ಮಾಡಬೇಡಿ.

ಫೀಡರ್‌ನಿಂದ ಇನ್ನೊಂದು ಅಪಾಯ ಇದೆ. ಸಿಡಬ್ಲ್ಯುಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ಅನ್ನುವ ರೋಗ. ಮಿದುಳು ತೂತು ತೂತಾಗಿ ಜಿಂಕೆ ಸವೆದು ಸಾಯುತ್ತದೆ, ಮದ್ದಿಲ್ಲ, ಜೊಲ್ಲು ಸಗಣಿಯಿಂದ ಹರಡುತ್ತದೆ, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಟೆಕ್ಸಸ್‌ನಲ್ಲಿ 2012ರಲ್ಲಿ ಮೊದಲು ಪಶ್ಚಿಮದ ಮ್ಯೂಲ್ ಜಿಂಕೆಗಳಲ್ಲಿ, 2015ರಲ್ಲಿ ಮೆಡಿನಾ ಕೌಂಟಿಯ ಸಾಕಿದ ಬಿಳಿಬಾಲದ ಜಿಂಕೆಗಳಲ್ಲಿ ಸಿಕ್ಕಿತು. ಇಪ್ಪತ್ತೈದು ಜಿಂಕೆ ಒಂದೇ ಜಾಗದಲ್ಲಿ ಮೂತಿ ಇಡುವುದು ಈ ರೋಗಕ್ಕೆ ಹಬ್ಬ. ಫಾರಂನಿಂದ ಗಂಡು ತಂದು ಬಿಡಿ ಅಂದವರಿಗೂ ಇದೇ ಉತ್ತರ. ಪರೀಕ್ಷೆ, ಪರವಾನಗಿ, ಎತ್ತರದ ಬೇಲಿ ಎಲ್ಲ ಬೇಕು. ಅಷ್ಟು ಮಾಡಿ ತಂದ ಗಂಡೂ ಈ ಹಸಿದ ನೆಲದಲ್ಲಿ ತನ್ನ ಕೊಂಬು ತೋರಿಸುವುದಿಲ್ಲ.

ಮೇವಿನ ಬೆಳೆ ಬಿತ್ತಬಹುದಾ? ಸ್ವಲ್ಪ ಆಳವಾದ ಮಣ್ಣಿದ್ದರೆ ಬಿತ್ತಬಹುದು, ಅದೂ ಚಳಿಗಾಲಕ್ಕೆ ಓಟ್ಸ್ ಸುಲಭ. ಬೇಸಿಗೆಗೆ ಇಲ್ಲಿ ಜಿಂಕೆ ಮೇವು ಅಂತ ಮಾರುವುದು ಏನು ಗೊತ್ತಾ? ನಮ್ಮ ಅಲಸಂದೆ ಮತ್ತು ಅವರೆ! ಲ್ಯಾಬ್ಲ್ಯಾಬ್ ಅಂತ ಚೀಲದ ಮೇಲೆ ಬರೆದಿರುವುದು ಸಾಕ್ಷಾತ್ ಅವರೆ ಬಳ್ಳಿ. ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದವರು ರಿಯೋ ವರ್ಡೆ ಅಂತ ಅದರದ್ದೇ ಒಂದು ತಳಿ ಮಾಡಿದ್ದಾರೆ. ಪ್ರೋಟೀನ್ ಚೆನ್ನಾಗಿದೆ, ಬರ ತಡೆಯುತ್ತದೆ. ಆದರೆ ಈಗಿನ ಸಂಖ್ಯೆಯಲ್ಲಿ ಒಂದೆರಡು ಎಕರೆ ಬಿತ್ತಿದರೆ ಎರಡೆಲೆ ಬರುವಷ್ಟರಲ್ಲಿ ಬುಡಸಮೇತ ಹೋಗುತ್ತದೆ. ಬಳ್ಳಿ ಹಬ್ಬುವ ತನಕ ತಾತ್ಕಾಲಿಕ ಬೇಲಿ ಬೇಕೇ ಬೇಕು. ಸೊಗಡಿನ ಅವರೆಕಾಯಿ ಒಂದಿಷ್ಟು ನಿಮಗೂ ಸಿಕ್ಕೀತು ಅಂತ ಆಸೆ ಇಟ್ಟುಕೊಳ್ಳಬೇಡಿ, ಜಿಂಕೆ ಅಷ್ಟು ದಿನ ಬಿಡುವುದಿಲ್ಲ.

ಚುಕ್ಕೆ ಜಿಂಕೆ ವಿಷಯದಲ್ಲಿ ನಿಮ್ಮ ಊರಿನ ಅಭಿಮಾನ ಪಕ್ಕಕ್ಕಿಡಿ. ಬಂಡೀಪುರದಲ್ಲಿ ಅದು ಹುಲಿಯ ಊಟ, ಅಲ್ಲಿ ಅದಕ್ಕೊಂದು ಜಾಗ ಇದೆ. ಇಲ್ಲಿ 1930ರ ದಶಕದಲ್ಲಿ ತಂದು ಬಿಟ್ಟರು, ಹಿಡಿಯುವವರಿಲ್ಲ. ಎಕ್ಸಿಸ್ ಅಂತ ಕರೆಯುತ್ತಾರೆ. ಅದು ಸೊಪ್ಪು ಇರುವ ತನಕ ಸೊಪ್ಪು ತಿನ್ನುತ್ತದೆ, ಮುಗಿದ ಮೇಲೆ ಹುಲ್ಲು ತಿಂದುಕೊಂಡು ಹಾಯಾಗಿರುತ್ತದೆ. ಬಿಳಿಬಾಲದ ಜಿಂಕೆಗೆ ಆ ಎರಡನೇ ದಾರಿ ಇಲ್ಲ, ಸೊಪ್ಪು ಮುಗಿದರೆ ಉಪವಾಸ. ಏಷ್ಯಾದಿಂದಲೇ ಬಂದ ಸೀಕಾ ಜಿಂಕೆಯನ್ನು ಇಟ್ಟು ಕೆರ್‌ನಲ್ಲಿ 1971ರಲ್ಲಿ ಒಂದು ಪ್ರಯೋಗ ಮಾಡಿದ್ದರು. 96 ಎಕರೆ ಬೇಲಿಯೊಳಗೆ ಆರು ಸೀಕಾ, ಆರು ಬಿಳಿಬಾಲ ಬಿಟ್ಟರು. ಒಂಬತ್ತು ವರ್ಷದಲ್ಲಿ ಸೀಕಾ ಅರವತ್ತು ದಾಟಿತು, ಬಿಳಿಬಾಲ ಒಂದೂ ಉಳಿಯಲಿಲ್ಲ. ಎಕ್ಸಿಸ್ ಸ್ವಭಾವವೂ ಅದೇ. ನಿಮ್ಮ ಮಗನ ಆಸಕ್ತಿಗೆ ಇದು ಒಳ್ಳೆಯ ದಾರಿ ಅಲ್ವಾ? ಎಕ್ಸಿಸ್‌ಗೆ ಇಲ್ಲಿ ಸೀಸನ್ ಇಲ್ಲ, ಲೈಸೆನ್ಸ್ ಇದ್ದರೆ ಸ್ವಂತ ಜಮೀನಿನಲ್ಲಿ ವರ್ಷವಿಡೀ ಹೊಡೆಯಬಹುದು. ಗಂಡು ಬಿಳಿಬಾಲಗಳನ್ನು ಬೆಳೆಯಲು ಬಿಟ್ಟು ಅವನು ಕೈ ಕಟ್ಟಿ ಕೂರುವುದು ಕಷ್ಟ, ಅಷ್ಟರಲ್ಲಿ ಇದು ಆಗಲಿ.

ಎತ್ತರದ ಬೇಲಿ ಬೇಡ. ದುಡ್ಡಿನ ಮಾತು ಬಿಡಿ, 140 ಎಕರೆ ಸುತ್ತ ಎಂಟಡಿ ಬೇಲಿ ಹಾಕಿದರೆ ಒಳಗೆ ಸಿಕ್ಕಿಕೊಂಡ ಜಿಂಕೆಗಳು ಮೇವಿಲ್ಲದಾಗ ಆಚೆ ಹೋಗುವುದಕ್ಕೂ ಆಗದೆ ನಿಮ್ಮ ಪೆಲೆಟ್ ಮೇಲೇ ಬದುಕಬೇಕು. ಅದು ದನದ ಕೊಟ್ಟಿಗೆ, ಜಮೀನಲ್ಲ. ಬೇಲಿಗೆ ಬದಲು ಪಕ್ಕದವರ ಜೊತೆ ಕಾಫಿ ಕುಡಿಯಿರಿ. ಬಲಿತ ಗಂಡು ಸಾವಿರ ಎಕರೆ ಆಚೀಚೆ ಓಡಾಡುತ್ತದೆ, ಎಳೆಯ ಗಂಡುಗಳಂತೂ ಒಂದು ವರ್ಷದ ಆಸುಪಾಸಿನಲ್ಲಿ ಹುಟ್ಟಿದ ಜಾಗ ಬಿಟ್ಟು ಮೈಲಿಗಟ್ಟಲೆ ಹೋಗಿ ನೆಲೆಸುತ್ತವೆ. ನೀವು ಬಿಟ್ಟ ಮೂರು ವರ್ಷದ ಗಂಡನ್ನು ಪಕ್ಕದವರು ಮೊದಲ ಶನಿವಾರವೇ ಹೊಡೆದರೆ ಏನು ಮಾಡಿದ ಹಾಗಾಯಿತು? ಹಿಲ್ ಕಂಟ್ರಿಯಲ್ಲಿ ಸಣ್ಣ ಜಮೀನಿನವರು ಸೇರಿ ವೈಲ್ಡ್‌ಲೈಫ್ ಮ್ಯಾನೇಜ್‌ಮೆಂಟ್ ಅಸೋಸಿಯೇಷನ್ ಮಾಡಿಕೊಂಡಿರುತ್ತಾರೆ. ನಿಮ್ಮ ಕಡೆ ಇದ್ದರೆ ಸೇರಿ, ಇಲ್ಲದಿದ್ದರೆ ನಾಲ್ಕು ಮನೆಯವರು ಸೇರಿ ಮೂರೂವರೆ ವರ್ಷದ ಕೆಳಗಿನ ಗಂಡು ಹೊಡೆಯಬಾರದು ಅಂತ ಬಾಯಿಮಾತಿನಲ್ಲಿ ಒಪ್ಪಿಕೊಂಡರೂ ಸಾಕು. ವಯಸ್ಸು ಗುರುತಿಸುವುದನ್ನು ಮಗ ಕಲಿಯಲಿ, ಕೊಂಬು ನೋಡದೆ ಮೈ ನೋಡಬೇಕು. ಎಳೆಯದಕ್ಕೆ ಕಾಲು ಉದ್ದ, ಕತ್ತು ಸಣ್ಣ, ಕೊಂಬು ಅಂಟಿಸಿದ ಹೆಣ್ಣಿನ ಹಾಗೆ ಕಾಣುತ್ತದೆ. ಬಲಿತದ್ದಕ್ಕೆ ಕತ್ತು ಎದೆಯೊಳಗೆ ಸೇರಿಹೋಗಿರುತ್ತದೆ, ಬೆನ್ನು ಸ್ವಲ್ಪ ಜೋತು, ಹೊಟ್ಟೆ ಇಳಿದು, ಕಾಲು ಗಿಡ್ಡ ಅನ್ನಿಸುತ್ತದೆ.

ದುಡ್ಡು ಎಲ್ಲಿ ಹಾಕಲಿ ಅಂದಿರಿ. ಈ ವರ್ಷ ಜಾಲರಿ, ಕ್ಯಾಮೆರಾ, ಗರಗಸದ ಆಳು, ಇಷ್ಟರ ಮೇಲೆ ಖರ್ಚು ಬೇಡ. ಎರಡನೇ ವರ್ಷಕ್ಕೆ ಉಳಿದ ಜಿಂಕೆಗಳ ಮೈ ತುಂಬುತ್ತದೆ, ಮಳೆ ಕೈಕೊಡದಿದ್ದರೆ. ಕೊಂಬಿಗೆ ನಾಲ್ಕೈದು ವರ್ಷ. ಪೆಲೆಟ್ ಬೇಕಾ ಅನ್ನುವ ಪ್ರಶ್ನೆಯನ್ನು ಆಗ ನೋಡೋಣ, ಬಹುಶಃ ಬೇಕಾಗುವುದಿಲ್ಲ. ನಿಮ್ಮ ಜಮೀನಿನಲ್ಲಿ ಇನ್ನೂ ದೊಡ್ಡ ಭೂತಾಕಾರದ ಕೊಂಬು ಬರುತ್ತದೆ ಅಂತ ನಾನು ಆಸೆ ಹುಟ್ಟಿಸುವುದಿಲ್ಲ, ದಕ್ಷಿಣ ಟೆಕ್ಸಸ್‌ನ ಜಿಂಕೆಯೇ ಬೇರೆ, ಸುಣ್ಣಕಲ್ಲಿನ ಗುಡ್ಡದ ಜಿಂಕೆಯೇ ಬೇರೆ. ಈಗಿರುವುದಕ್ಕಿಂತ ಎಷ್ಟೋ ಚೆನ್ನಾಗಿರುತ್ತದೆ, ಅಷ್ಟು ಹೇಳಬಲ್ಲೆ.

ಊರಿನ ತೋಟದ ವಿಷಯ: ಆಗುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮಲ್ಲಿ ಜಿಂಕೆ ಬೇಟೆ ಅಪರಾಧ, ಹಿಡಿದು ಸಾಕುವುದೂ ಅಪರಾಧ, ತೋಟ ನಿಮ್ಮದೇ ಆದರೂ. ತೋಟದ ಅಂಚಿನ ಲಂಟಾನ ತೆಗೆದು ಕಾಡಿನ ಗಿಡಗಳಿಗೆ ಜಾಗ ಬಿಡುವುದಕ್ಕೆ ಮಾತ್ರ ಯಾರ ಅಡ್ಡಿಯೂ ಇಲ್ಲ. ಆದರೆ ಹಾಸನದ ಕಡೆ ಅಂದಿರಿ, ಸಕಲೇಶಪುರ ಆಲೂರು ಕಡೆಯ ತೋಟವಾದರೆ ಆನೆ ಓಡಾಡುವ ಜಾಗ. ಅಲ್ಲಿ ಮೇವು ನೀರು ಜಾಸ್ತಿ ಮಾಡುವ ಮುಂಚೆ ಅರಣ್ಯ ಇಲಾಖೆಯವರನ್ನೂ, ಅಲ್ಲೇ ಕೆಲಸ ಮಾಡುವ ಆಳುಗಳನ್ನೂ ಒಂದು ಮಾತು ಕೇಳಿ.